ಬೂದಿ ಹಾರದ ಮಾತು

ನೆರಳು ಶಕೆ ತೊಂಬತ್ತು, ಎರಡನೆಯ ಭಾದ್ರಪದ, ಅಮಾವಾಸ್ಯೆಯ ಹಿಂದಿನ ದಿನ
ಗವಿಗುಡ್ಡ, ಕೆಳಪೇಟೆ

ಹೊಂಬಾಳವ್ವನಿಗೆ, ನಿನ್ನ ಮನೆಯ ಸೊಸೆ ದೇವಾಜಮ್ಮನ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವಳು ಬರೆದಿದ್ದಾಳೆ ಎಂದು ಕಾಗದವನ್ನು ಒಲೆಗೆ ಹಾಕಬೇಡ. ನೀನು ಇದನ್ನು ಓದುವ ಹೊತ್ತಿಗೆ ನೆರಳು ಶಕೆ ಶುರುವಾಗಿರುವುದಿಲ್ಲ, ಭಾದ್ರಪದವೂ ಒಂದೇ ಇರುತ್ತದೆ. ನಮ್ಮಲ್ಲಿ ಬೇಸಿಗೆಯ ಎರಡು ತಿಂಗಳು ಯಾರೂ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಹೊರಗೆ ಬರಲಾಗದ ತಿಂಗಳನ್ನು ಪಂಚಾಂಗದಲ್ಲಿ ಇಟ್ಟುಕೊಂಡು ಏನು ಮಾಡುವುದೆಂದು ಹಿರಿಯರು ಅವೆರಡನ್ನೂ ಕಿತ್ತುಹಾಕಿ, ಲೆಕ್ಕ ಸರಿಹೋಗಲಿ ಎಂದು ಆಷಾಢವನ್ನೂ ಭಾದ್ರಪದವನ್ನೂ ಎರಡೆರಡು ಸಲ ಬರೆದರು. ಹೊಸದಾಗಿ ಮದುವೆಯಾದವರಿಗೆ ಮಾತ್ರ ಎರಡು ಆಷಾಢ ದೂರ ಇರುವ ಕಷ್ಟ ಬಂತು. ಅವರು ಆ ಹಿರಿಯರಿಗೆ ಇವತ್ತಿಗೂ ಶಾಪ ಹಾಕುತ್ತಾರೆ.

ನನ್ನ ಮಾತು ನಿನಗೆ ಪುಸ್ತಕ ಓದಿದ ಹಾಗೆ ಕೇಳಿಸಿದರೆ ಮನ್ನಿಸು. ತಪ್ಪು ನನ್ನದಲ್ಲ, ಜರಡಿಯದು. ಜರಡಿ ಅಂದರೆ ನೀನು ರಾಗಿಹಿಟ್ಟು ಜಾಲಿಸುವ ಜರಡಿಯಲ್ಲ. ನೀರು ನುಗ್ಗಿದ ಊರುಗಳಿಂದಲೂ ನೀರು ಬತ್ತಿದ ಊರುಗಳಿಂದಲೂ ಜನ ಎದ್ದು ಬಂದು ಈ ಗುಡ್ಡದ ಸುತ್ತ ನೆಲೆಸಿದಾಗ, ಕಾರವಾರದವರ ಮಾತು ಬೀದರಿನವರಿಗೆ ತಿಳಿಯದೆ, ಬೀದರಿನವರ ಮಾತು ಮಂಡ್ಯದವರಿಗೆ ತಿಳಿಯದೆ ನೀರಿನ ಸಾಲಿನಲ್ಲಿ ದಿನವೂ ಕೊಡ ಹಿಡಿದು ಹೊಡೆದಾಡುತ್ತಿದ್ದರಂತೆ. ಆಗ ಬಂದ ಯಂತ್ರ ಇದು. ಯಂತ್ರದ ಮುಂದೆ ಹೇಗೇ ಮಾತಾಡಲಿ, ಹೇಗೇ ಬರೆಯಲಿ, ಆ ಕಡೆಯಿಂದ ಒಂದೇ ಬಗೆಯ ಶುದ್ಧ ಕನ್ನಡವಾಗಿ ಹೊರಬರುತ್ತದೆ. ಹೊಡೆದಾಟ ನಿಂತಿತು, ನಿಜ. ಎರಡು ತಲೆಮಾರು ಕಳೆಯುವಷ್ಟರಲ್ಲಿ ನಮ್ಮ ನಾಲಿಗೆಗಳೂ ಹಾಗೆಯೇ ಒಗ್ಗಿಹೋದವು, ಹಳೆಯ ಮಾತು ಮನೆಯೊಳಗೆ ಮಾತ್ರ ಅಷ್ಟಿಷ್ಟು ಉಳಿದಿದೆ. ಈ ಕಾಗದವನ್ನು ಕೈಯಲ್ಲೇ ಬರೆಯುತ್ತಿದ್ದೇನೆ, ಆದ್ದರಿಂದ ಇದಕ್ಕೆ ಜರಡಿಯಿಲ್ಲ. ಇದ್ದಿದ್ದರೆ ನಿನ್ನನ್ನು ‘ನೀವು’ ಅನ್ನಬೇಕಾಗುತ್ತಿತ್ತು. ಅವ್ವ ಅಂದಮೇಲೆ ‘ನೀನು’ ಅನ್ನದೆ ಇನ್ನೇನು.

ಕಾಗದ ನಿನಗೆ ತಲುಪುವ ಬಗೆ ನನಗೂ ಸರಿಯಾಗಿ ಗೊತ್ತಿಲ್ಲ. ನಾಳೆ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆ ಎಲೆ ಈಗ ಸಿಗುವುದಿಲ್ಲ, ಮುತ್ತುಗದ ಎಲೆ ಸಿಗುತ್ತದೆ. ಮುದ್ದೆ, ಉಪ್ಸಾರು, ಒಂದು ಚೂರು ಬೆಲ್ಲ. ಅವುಗಳ ಪಕ್ಕದಲ್ಲಿ ಇದನ್ನೂ ಇಡುತ್ತೇನೆ. ಎಡೆ ಸತ್ತವರಿಗೆ, ನಾನು ಬರೆಯುತ್ತಿರುವುದು ನಿನ್ನ ಕಾಲದಲ್ಲಿ ಇನ್ನೂ ಗಟ್ಟಿಮುಟ್ಟಾಗಿ ಓಡಾಡುತ್ತಿರುವ ನಿನಗೆ. ಈ ವ್ಯತ್ಯಾಸ ಕಾಗೆಗೆ ತಿಳಿಯಲಾರದು ಎಂದು ಧೈರ್ಯ ಮಾಡಿದ್ದೇನೆ. ನಮ್ಮಲ್ಲಿ ಹಕ್ಕಿಯೆಂದು ಉಳಿದಿರುವುದು ಕಾಗೆಯೊಂದೇ.

ವಿಷಯ ನಿನ್ನ ಪೆಟ್ಟಿಗೆಯದು. ನಿನ್ನ ಕಾಲದಲ್ಲಿ ಅದನ್ನು ಫೈಲು ಅನ್ನುತ್ತೀಯೋ ಫೋಲ್ಡರು ಅನ್ನುತ್ತೀಯೋ, ನಾವು ಪೆಟ್ಟಿಗೆ ಅನ್ನುತ್ತೇವೆ. ನೀನು ಹೆದ್ದಾರಿಯ ಮಗ್ಗುಲಲ್ಲಿ ಮುದ್ದೆ ಮನೆ ನಡೆಸುತ್ತಿದ್ದೆ, ಲಾರಿಯವರೂ ಕಾರಿನವರೂ ನಿನ್ನ ಬಸ್ಸಾರಿಗೆ ಸಾಲು ನಿಲ್ಲುತ್ತಿದ್ದರು, ಎದುರಿನ ಹೋಟೆಲಿನವನು ಸಾರಿನ ಗುಟ್ಟು ಕದಿಯಲು ತನ್ನ ಅಡುಗೆಯವನನ್ನೇ ಗಿರಾಕಿಯ ವೇಷದಲ್ಲಿ ಕಳಿಸಿದ್ದ. ಅದಕ್ಕೆ ನೀನು ಅಡುಗೆಗಳನ್ನೆಲ್ಲ ಬಾಯಲ್ಲೇ ಹೇಳಿ ಫೋನಿನಲ್ಲಿ ಹಿಡಿಸಿ, ಬೀಗ ಹಾಕಿಸಿದೆ. ಇಷ್ಟು ನಮ್ಮ ಮನೆಯ ಪುರಾಣ. ಬೀಗ ಹಾಕಿಕೊಟ್ಟವನು ನಿನ್ನ ಅಕ್ಕನ ಮಗನಂತೆ. ಬುದ್ಧಿವಂತನೇ ಇರಬೇಕು, ಹಾಕಿದ್ದು ಗುಡಿಯ ಹುಂಡಿಯಂಥ ಬೀಗ. ಒಳಗೆ ಹಾಕುವುದಕ್ಕೆ ಕೀಲಿ ಬೇಡ, ತೆಗೆಯುವುದಕ್ಕೆ ಬೇಕು. ಮನೆಯವರು ಯಾರು ಬೇಕಾದರೂ ಏನನ್ನಾದರೂ ಪೆಟ್ಟಿಗೆಗೆ ಹಾಕಬಹುದು, ಹಾಕಿದ್ದನ್ನು ಮತ್ತೆ ನೋಡಬೇಕೆಂದರೆ ಮಾತ್ರ ನೀನು ಒತ್ತಿದ ಕೀಲಿಮಾತನ್ನೇ ಒತ್ತಬೇಕು, ಒಂದಕ್ಷರವೂ ಹೆಚ್ಚುಕಮ್ಮಿಯಾಗದಂತೆ. ಕೀಲಿಮಾತು ಇಲ್ಲದಿದ್ದರೆ ಒಳಗಿರುವುದೆಲ್ಲ ಅರ್ಥವಿಲ್ಲದ ಗುರುತುಗಳ ರಾಶಿ, ಅದರಿಂದ ಯಾರಿಗೂ ಏನೂ ದಕ್ಕುವುದಿಲ್ಲ.

ನಿನ್ನ ನಂತರ ಐದು ತಲೆಮಾರು ಅದಕ್ಕೆ ಹಾಕುತ್ತಲೇ ಬಂದರು. ಮದುವೆಯ ಚಿತ್ರ, ಮಗುವಿನ ಅಳು, ಸತ್ತವರ ಮುಖ, ಎಲ್ಲ. ತೆರೆದವರು ಯಾರೂ ಇದ್ದಂತಿಲ್ಲ. ಅದಕ್ಕೆ ಕಾರಣ ಅಸಡ್ಡೆಯಲ್ಲ. ಕಳ್ಳರು ಒಂದರ ಮೇಲೊಂದು ಕೀಲಿ ಹಾಕಿ ನೋಡದಿರಲಿ ಎಂದು ನಿನ್ನ ಅಕ್ಕನ ಮಗ ಬೀಗವನ್ನು ಬಹಳ ನಿಧಾನದ್ದಾಗಿ ಮಾಡಿದ್ದ. ಉಳಿದಿರುವ ನಮ್ಮ ಮುದಿ ಯಂತ್ರಗಳಲ್ಲಿ ಒಂದು ಸಲ ಕೀಲಿ ಹಾಕಿ ನೋಡಲು ಒಂದು ಪೂರ್ತಿ ಬಿಸಿಲು ಬೇಕು. ಬಿಸಿಲು ಅಂದರೆ ನಮ್ಮ ಕರೆಂಟಿನ ಅಳತೆ, ಒಂದು ಮನೆಯ ಸೂರಿನ ಮೇಲಿನ ಹಲಗೆಗಳು ಹಗಲಿಡೀ ಹಿಡಿದಿಡುವಷ್ಟು. ಕೀಲಿ ಹಾಕಿದ ದಿನ ಮನೆಯಲ್ಲಿ ದೀಪವಿಲ್ಲ, ಫ್ಯಾನಿಲ್ಲ, ನೀರು ಮೇಲೆ ಏರುವುದಿಲ್ಲ. ಹಳೆಯ ಮದುವೆಯ ಚಿತ್ರ ನೋಡಲಿಕ್ಕೆ ಇಷ್ಟು ಯಾರು ಕಳೆಯುತ್ತಾರೆ. ಇದೆಯಲ್ಲ, ಇರಲಿ, ಎಂದು ಬಿಟ್ಟರು.

ಕೀಲಿಮಾತು ಸೊಸೆಯಿಂದ ಸೊಸೆಗೆ ಬಾಯಲ್ಲೇ ಬಂತು. ಎಲ್ಲೂ ಬರೆದಿಡಕೂಡದು ಎಂಬುದು ನಿನ್ನದೇ ಕಟ್ಟಳೆ. ನನ್ನ ಅತ್ತೆ ಮಂಚಮ್ಮ ನನಗೆ ಹೇಳಿಕೊಟ್ಟದ್ದು ಹೀಗೆ: ‘ಹಸ್ದೋರ್ಗೆ ಹಿಟ್ಟು, ಹಾದೀಲ್ ಹೋಗೋರ್ಗೆ ಹಟ್ಟಿ.’ ಹಸಿದವರಿಗೆ ಮುದ್ದೆ, ದಾರಿಯಲ್ಲಿ ಹೋಗುವವರಿಗೆ ಮನೆ. ನಿನ್ನ ಗಿರಾಕಿಗಳಿಗೆ ನೀನು ದಿನಾ ಹೇಳುತ್ತಿದ್ದ ಮಾತಂತೆ. ದಿನಾ ಎಲ್ಲರೆದುರು ಹೇಳುವ ಮಾತನ್ನೇ ಕೀಲಿ ಮಾಡಿಕೊಂಡ ನಿನ್ನ ಧೈರ್ಯಕ್ಕೆ ಏನನ್ನಬೇಕೋ ತಿಳಿಯದು. ಎದುರಿನ ಹೋಟೆಲಿನವನಿಗೆ ಅಷ್ಟು ಹೊಳೆಯದೆ ಹೋದದ್ದು ನಿನ್ನ ಪುಣ್ಯ.

ಈ ಮನೆಯಲ್ಲಿ ಇನ್ನೊಂದು ಶಾಸ್ತ್ರವಿದೆ. ಬೇರೆ ಯಾರ ಮನೆಯಲ್ಲೂ ನಾನದನ್ನು ನೋಡಿಲ್ಲ. ಮಗುವಿಗೆ ಮಾತು ಬಂದ ವರ್ಷ ಅದರ ಅಂಗೈ ಮೇಲೆ ಒಂದು ಚಿಟಿಕೆ ಬೂದಿ ಹಾಕಿ, ಬಾಯಿಯ ಹತ್ತಿರ ಹಿಡಿದು, ಹಾಲು, ಹಣ್ಣು, ಹಟ್ಟಿ ಎಂದು ಹೇಳಿಸುತ್ತಾರೆ. ‘ಹ’ ಅಂದಾಗ ಬಾಯಿಂದ ಬರುವ ಉಸಿರಿಗೆ ಬೂದಿ ಹಾರಬೇಕು. ಹಾರಿದರೆ ಮಗುವಿಗೆ ನಾಲಿಗೆ ತಿರುಗಿತು ಎಂದು ಬೀದಿಗೆಲ್ಲ ಬೆಲ್ಲ ಹಂಚುತ್ತಾರೆ. ಯಾಕೆ ಎಂದು ನಾನು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಹಿಂದಿನಿಂದ ಬಂದದ್ದು ಅಂದರು. ಹಿಂದಿನಿಂದ ಬಂದದ್ದು ಅಂದಮೇಲೆ ಮುಂದೆ ಮಾತಿಲ್ಲ, ನಾನೂ ಸುಮ್ಮನಾದೆ.

ನನ್ನ ಮಗಳು ಹೂವಿಗೆ ಬೂದಿ ಹಾರಲಿಲ್ಲ. ಅವಳ ಬಾಯಲ್ಲಿ ಹಾಲು ಆಲು, ಹಣ್ಣು ಅಣ್ಣು, ಹೂವಿ ಊವಿ. ಅತ್ತೆ ಪ್ರತಿ ವರ್ಷ ಬೂದಿ ಹಾಕಿದರು, ಇವಳು ಪ್ರತಿ ವರ್ಷ ‘ಆಲು’ ಅಂದು, ಬೂದಿ ಅಲುಗದ್ದು ನೋಡಿ, ಅದನ್ನು ನೆಕ್ಕಿಬಿಡುತ್ತಿದ್ದಳು. ಶಾಲೆಗೆ ಹೋದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ನಗುತ್ತಿದ್ದೆವು. ಅಜ್ಜಿ ಕೀಲಿಮಾತು ಗೊಣಗುವುದನ್ನು ಕೇಳಿ, ನನಗೂ ಹೇಳಿಕೊಡು ಎಂದು ಕಾಡಿ ಅದನ್ನೂ ಕಲಿತಿದ್ದಳು. ಸೊಸೆಯಾಗುವವಳಿಗೆ ಹೇಳಬೇಕಾದ್ದನ್ನು ಮನೆಮಗಳಿಗೆ ಹೇಳಿದ್ದಕ್ಕೆ ಅತ್ತೆಗೆ ಸ್ವಲ್ಪ ಅಳುಕಿತ್ತು. ಕೇಳಿದರೆ ಕೊಡದೆ ಇರಲಾಗುತ್ತದೆಯೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ನಮ್ಮಲ್ಲಿ ಮನೆಗಳಲ್ಲಿ ಚಿತ್ರ, ಧ್ವನಿ ಏನನ್ನೂ ಇಟ್ಟುಕೊಳ್ಳುವಂತಿಲ್ಲ. ಯಂತ್ರ ಕಡಿಮೆ, ಬಿಸಿಲಿಗೆ ಪಡಿ, ಹಾಗಾಗಿ ನೆನಪಿಗೂ ಪಡಿ. ವರ್ಷಕ್ಕೊಮ್ಮೆ ಹುಟ್ಟಿದ ದಿನ ಮಗುವನ್ನು ಗುಡ್ಡದ ಗವಿಯಲ್ಲಿರುವ ಕಣಜಕ್ಕೆ ಕರೆದುಕೊಂಡು ಹೋಗಿ, ಅದು ಮಾತಾಡಿದ್ದನ್ನು ಮನೆಯ ಪೆಟ್ಟಿಗೆಗೆ ಹಾಕಿ ಬರಬೇಕು. ಎಲ್ಲ ಮನೆಗಳ ಪೆಟ್ಟಿಗೆಗಳೂ ಇರುವುದು ಆ ಕಣಜದಲ್ಲೇ. ನಾವೂ ಪ್ರತಿ ವರ್ಷ ಹಾಕಿ ಬಂದೆವು.

ಈ ವರ್ಷದ ಮೊದಲ ಆಷಾಢದಲ್ಲಿ ಹೂವಿ ಜ್ವರ ಬಂದು ತೀರಿಕೊಂಡಳು.

ನಾನು ಅಳಲಿಲ್ಲ, ಅವ್ವ. ಎದೆಯೊಡೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ಸೂತಕ ಕಳೆದ ಮೇಲೆ ಪಂಕ್ತಿಮನೆಗೆ ಹೋಗಿ ಮುದ್ದೆ ತಿರುವಿದೆ. ಪಂಕ್ತಿಮನೆ ಅಂದರೆ ಬೀದಿಗೆಲ್ಲ ಒಂದೇ ಅಡುಗೆಮನೆ, ನಾನು ಅಲ್ಲಿ ಅಡುಗೆಯವಳು. ಹಸಿವಾದರೆ ಉಂಡೆ, ನಿದ್ದೆ ಬಂದರೆ ಮಲಗಿದೆ. ಜನ ನನ್ನನ್ನು ನೋಡಿ ಗಟ್ಟಿಗಿತ್ತಿ ಅಂದರು, ಕಲ್ಲು ಅಂದವರೂ ಇದ್ದಾರೆ. ಎರಡೂ ಅಲ್ಲ. ಕೈಮೇಲೆ ಬಹಳ ಹೊತ್ತು ಮಲಗಿ ಎದ್ದಾಗ ಕೈ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈ. ಒಂದೇ ಒಂದು ಭಯ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಅವಳ ಮಾತು ಕಿವಿಯಲ್ಲಿ ಮಾಸುತ್ತಿತ್ತು. ಮುಖ ನೆನಪಿದೆ, ಜಡೆ ನೆನಪಿದೆ, ಆದರೆ ಅವಳು ‘ಆಲು’ ಅಂದದ್ದನ್ನು ನೆನೆಯಲು ಹೋದರೆ ನನ್ನದೇ ಧ್ವನಿ ಕೇಳುತ್ತಿತ್ತು. ಪೆಟ್ಟಿಗೆ ತೆರೆಯಬೇಕೆಂದು ನಾನು ಹಟ ಹಿಡಿದದ್ದು ಇದಕ್ಕೆ. ಬೇರೆ ಏನೂ ನನಗೆ ಬೇಕಿರಲಿಲ್ಲ.

ಕಣಜಗಾರರ ಹೆಸರು ಷಡಕ್ಷರಿ. ಇಂಥ ಹೆಸರಿಟ್ಟುಕೊಂಡ ಮೇಲೆ ಉಚ್ಚಾರದ ವಿಷಯದಲ್ಲಿ ಕಟ್ಟುನಿಟ್ಟಾಗಿರದೆ ವಿಧಿಯಿಲ್ಲ. ಯಾರಾದರೂ ‘ಸಡಕ್ಸರಿ’ ಅಂದರೆ ಮೈಮೇಲೆ ಹಲ್ಲಿ ಬಿದ್ದವರಂತೆ ಕೊಡವಿಕೊಳ್ಳುತ್ತಾರೆ. ಆದರೆ ಮನುಷ್ಯ ಒಳ್ಳೆಯವರು. ಅತ್ತೆ, ನಾನು, ನನ್ನ ಗಂಡ ಮರಿಸ್ವಾಮಿ, ಮೂವರೂ ಮನೆಯ ಬಿಸಿಲನ್ನೆಲ್ಲ ಕಣಜಕ್ಕೆ ತಿರುಗಿಸಿ ಹೋಗಿ ನಿಂತೆವು. ಅತ್ತೆ ಕೀಲಿಮಾತನ್ನು ಒತ್ತಿದರು. ಹಗಲಿಡೀ ಯಂತ್ರ ಗುಂಯ್ ಎಂದಿತು, ಸಂಜೆಗೆ ಕೆಂಪು ದೀಪ ಬಂತು. ಕೀಲಿ ತಪ್ಪು. ಮತ್ತೊಂದು ದಿನ ನಾನು ಒತ್ತಿದೆ, ಮತ್ತೆ ಕೆಂಪು. ಒತ್ತುವಾಗ ಅಕ್ಷರಗಳು ಕಾಣುವುದಿಲ್ಲ, ಚುಕ್ಕಿಗಳಷ್ಟೇ ಕಾಣುತ್ತವೆ, ಆದ್ದರಿಂದ ಏನು ತಪ್ಪಿತೆಂದು ತಿಳಿಯುವಂತಿರಲಿಲ್ಲ. ಕೊನೆಗೆ ಷಡಕ್ಷರಿಯವರೇ ಕಂಡುಹಿಡಿದರು. ಕೀಲಿಯ ಕಿಂಡಿಗೂ ಜರಡಿ ಕಟ್ಟಿದ್ದರು. ನಾವು ‘ಹಾದೀಲ್ ಹೋಗೋರ್ಗೆ’ ಎಂದು ಒತ್ತಿದರೆ ಅದು ಒಳಗೊಳಗೇ ‘ಹಾದಿಯಲ್ಲಿ ಹೋಗುವವರಿಗೆ’ ಎಂದು ತಿದ್ದಿ ಬೀಗಕ್ಕೆ ಕೊಡುತ್ತಿತ್ತು.

ಜರಡಿ ಬಿಚ್ಚಲು ಮೇಲಿನವರ ಅಪ್ಪಣೆ ಬೇಕು. ಅಶುದ್ಧ ಬರಹಕ್ಕೆ ಅನುಮತಿ ಎಂಬ ಹೆಸರಿನ ಅಪ್ಪಣೆಯೊಂದು ಇದೆಯೆಂದು ಅವರಿಗೂ ಅವತ್ತೇ ಗೊತ್ತಾದದ್ದು. ಅದಕ್ಕಾಗಿ ಅಲೆದರು, ತಂದರು. ಆದರೆ ಅದರ ಜೊತೆ ಒಂದು ಷರತ್ತೂ ಬಂತು. ಕೀಲಿ ಕಳೆದಿದೆ ಎಂದು ಒಮ್ಮೆ ಬರೆದುಕೊಟ್ಟ ಪೆಟ್ಟಿಗೆಯನ್ನು ಮುಂದಿನ ಮಹಾಲಯ ಅಮಾವಾಸ್ಯೆಯೊಳಗೆ ತೆರೆಯದಿದ್ದರೆ ಮಣ್ಣು ಮಾಡುತ್ತಾರೆ. ಮಣ್ಣು ಮಾಡುವುದೆಂದರೆ ಅಳಿಸಿ, ಆ ಜಾಗವನ್ನು ಹೊಸದಾಗಿ ಮಗು ಹುಟ್ಟಿದ ಮನೆಗೆ ಕೊಡುವುದು. ಅದರಲ್ಲಿ ಅನ್ಯಾಯವಿದೆ ಎಂದು ನಾನು ಹೇಳಲಾರೆ. ಬರೆದುಕೊಟ್ಟೆವು. ಜರಡಿ ಬಿಚ್ಚಿದ ಕಿಂಡಿಯಲ್ಲಿ ಅತ್ತೆ ಒಂದೊಂದೇ ಅಕ್ಷರ ಒತ್ತಿದರು, ಬಾಯಲ್ಲಿ ಹೇಳಿಕೊಳ್ಳುತ್ತ, ಪ್ರತಿಯೊಂದು ‘ಹ’ವನ್ನೂ ಹೊಟ್ಟೆಯಿಂದ ಎಳೆದು ತಂದು. ಸಂಜೆಗೆ ಕೆಂಪೇ ಬಂತು.

ಆ ಸಂಜೆ ಮನೆಯಲ್ಲಿ ಫ್ಯಾನು ಇರಲಿಲ್ಲ. ಪಂಕ್ತಿಮನೆಯಿಂದ ತಂದ ಮುದ್ದೆ ತಣ್ಣಗಾಗಿತ್ತು. ಅತ್ತೆ ಗೋಡೆಗೆ ಒರಗಿ ಕೀಲಿಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು, ತಮ್ಮ ಅತ್ತೆ ಹೇಳಿಕೊಟ್ಟದ್ದು ಇದೇ, ಒಂದಕ್ಷರವೂ ತಪ್ಪಿಲ್ಲ, ಎಂದು ಆಣೆ ಇಡುತ್ತಿದ್ದರು. ಮರಿಸ್ವಾಮಿ ತಟ್ಟೆಯ ಮುಂದೆ ಕೂತಿದ್ದರು. ಅವರು ಸೂರಿನ ಮೇಲಿನ ಬಿಸಿಲುಹಲಗೆ ಒರೆಸುವ ಕೆಲಸದವರು, ಮೊದಲೇ ಮಾತು ಕಡಿಮೆ, ಹೂವಿ ಹೋದಮೇಲೆ ಅವಳ ಹೆಸರನ್ನೂ ಎತ್ತಿರಲಿಲ್ಲ. ತಲೆ ಎತ್ತದೆಯೇ ಹೇಳಿದರು.

“ಹೂವಿ ಹಂಗಂತಿರ್ಲಿಲ್ಲ.”

ಪಾಪ, ಅದಕ್ಕೆ ಬರ್ತಿರಲಿಲ್ಲ ಬಿಡು, ಎಂದರು ಅತ್ತೆ. ಮರಿಸ್ವಾಮಿ ಮುದ್ದೆ ಮುರಿದು ಸಾರಿಗೆ ಅದ್ದಿದರು. ಆಮೇಲೆ ಮಗಳ ಮಾತನ್ನು ಮಗಳು ಹೇಳುತ್ತಿದ್ದ ರಾಗದಲ್ಲೇ ಹೇಳಿದರು.

“ಅಸ್ದೋರ್ಗೆ ಇಟ್ಟು, ಆದೀಲ್ ಓಗೋರ್ಗೆ ಅಟ್ಟಿ.”

ಹೇಳಿ ತುತ್ತು ನುಂಗಿದರು. ಅತ್ತೆಯ ಗೊಣಗು ನಿಂತಿತು. ತಮ್ಮ ಅಂಗೈಯನ್ನು ನೋಡಿಕೊಂಡರು. ಆಮೇಲೆ ಯಾರಿಗೂ ಹೇಳದ ಒಂದು ಸಂಗತಿ ಹೇಳಿದರು. ನಮ್ಮವರು ಗುಡ್ಡಕ್ಕೆ ಬಂದ ಹೊಸದರಲ್ಲಿ ನೀರಿನ ಸಾಲಿನಲ್ಲಿ ಈ ಮನೆಯವರನ್ನು ಕಂಡರೆ ಎಲ್ಲರೂ ನಗುತ್ತಿದ್ದರಂತೆ, ಹಾಲಿಗೆ ಆಲು ಅನ್ನುವವರು ಬಂದರು, ದಾರಿ ಬಿಡಿ, ಎಂದು. ಆ ಅವಮಾನ ತಾಳದೆ ಮನೆಯ ಹೆಂಗಸರು ಮಕ್ಕಳ ಅಂಗೈ ಮೇಲೆ ಬೂದಿ ಹಾಕತೊಡಗಿದರಂತೆ. ಇದನ್ನು ಅತ್ತೆಗೆ ಅವರ ಅತ್ತೆ ಕಿವಿಯಲ್ಲಿ ಹೇಳಿ, ಹೊರಗೆ ಬಿಡಬೇಡ ಎಂದಿದ್ದರು. ಹೇಳಿ ಮುಗಿಸಿ ನನ್ನ ಕಡೆ ತಿರುಗಿದರು.

“ಹೊಂಬಾಳವ್ವಂಗೇ ‘ಹ’ ಬರ್ತಿರ್ಲಿಲ್ವೇನೋ ಕಣೆ.”

ನಿನ್ನನ್ನು ಕಂಡವರು ಯಾರೂ ನಮ್ಮಲ್ಲಿಲ್ಲ, ಅವ್ವ. ನೀನು ಆಡಿದ ಹಾಗೇ ಒತ್ತಿದ್ದೆ ಎಂದು ನಮಗೆ ಹೊಳೆಯುವುದಾದರೂ ಹೇಗೆ. ಐದು ಜನ ಸೊಸೆಯರು ನಿನ್ನ ಕೀಲಿಯನ್ನು ದೇವರ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಿದರು. ಪ್ರೀತಿಯಿಂದಲೇ ತಿಕ್ಕಿದರು. ತಿಕ್ಕಿ ತಿಕ್ಕಿ ಕೀಲಿಯ ಹಲ್ಲೇ ಸವೆದಿತ್ತು. ಅದು ಇದ್ದ ಹಾಗೇ ಉಳಿದದ್ದು ಬೂದಿ ಹಾರಿಸಲು ಬಾರದ ಒಂದು ಮಗುವಿನ ಬಾಯಲ್ಲಿ, ಅದನ್ನೂ ನಾವು ದಿನಾ ತಿದ್ದುತ್ತಿದ್ದೆವು.

ಮಾರನೆಯ ಬಿಸಿಲಿಗೆ ಕಾದು ಕಣಜಕ್ಕೆ ಹೋದೆವು. ಹೊಸ ಕೀಲಿಮಾತು ಕೇಳಿದ ಷಡಕ್ಷರಿಯವರ ಮುಖ ನೋಡಬೇಕಿತ್ತು. ಬೇವಿನಕಷಾಯ ಕುಡಿದವರ ಹಾಗೆ ಒಂದು ಗಳಿಗೆ ಕಣ್ಣು ಮುಚ್ಚಿದರು. ಇಂಥದ್ದನ್ನು ತಮ್ಮಿಂದ ಒತ್ತಲಾಗದು, ನೀವೇ ಒತ್ತಿಕೊಳ್ಳಿ ಎಂದು ಹೇಳಿ ಗೋಡೆಯ ಕಡೆ ತಿರುಗಿ ನಿಂತರು. ಮರಿಸ್ವಾಮಿ ಒತ್ತಿದರು. ಒರೆಸುವ ಕೆಲಸದ ಒರಟು ಬೆರಳು, ಒಂದೊಂದು ಅಕ್ಷರಕ್ಕೂ ತಡೆದು ತಡೆದು. ಅಂದು ಮೋಡ ಕವಿದಿತ್ತು. ಬಿಸಿಲು ಸಾಲದೆ ಯಂತ್ರ ಎರಡು ಸಲ ಸೊರಗಿತು, ಷಡಕ್ಷರಿಯವರು ಯಾರಿಗೂ ಹೇಳದೆ ತಮ್ಮ ಮನೆಯ ಬಿಸಿಲನ್ನೂ ಅದಕ್ಕೆ ತಿರುಗಿಸಿದರು. ಸಂಜೆಗೆ ಹಸಿರು ದೀಪ ಬಂತು. ಅತ್ತೆ ನೆಲಕ್ಕೆ ಹಣೆ ಮುಟ್ಟಿಸಿದರು. ನಾನು ದೀಪವನ್ನೇ ನೋಡುತ್ತಾ ನಿಂತೆ, ಸಂತೋಷವಾಗಲಿ ಎಂದು ಕಾದೆ, ಆಗಲಿಲ್ಲ.

ನಿನ್ನೆ ಬೆಳಿಗ್ಗೆ ಕೇಳಲು ಕೂರಿಸಿದರು. ಮೊದಲು ಹೂವಿಯ ಕೊನೆಯ ಹುಟ್ಟುಹಬ್ಬದ್ದನ್ನು ಹಾಕಲು ಹೇಳಿದೆ. ಆ ದಿನ ಅವಳು ಏನು ಹೇಳಿದ್ದಳೆಂದು ನನಗೆ ಅಷ್ಟಿಷ್ಟು ನೆನಪಿತ್ತು. ‘ನಾನ್ ಊವಿ. ನಂಗ್ ಆಲ್ ಬೇಕು. ಕಾಗೆ ಆರೋಯ್ತು.’ ನನಗೆ ಕೇಳಿಸಿದ್ದು ಬೇರೆ.

“ನಾನು ಹೂವಿ. ನನಗೆ ಹಾಲು ಬೇಕು. ಕಾಗೆ ಹಾರಿಹೋಯಿತು.”

ಧ್ವನಿ ಅವಳದೇ ಇರಬೇಕು, ಎಳೆಯದು, ತೆಳ್ಳಗಿನದು. ಆದರೆ ಪ್ರತಿಯೊಂದು ‘ಹ’ವೂ ದುಂಡಗೆ, ಸ್ಪಷ್ಟವಾಗಿ, ಬೂದಿಯಲ್ಲ ಇಟ್ಟಿಗೆಯೂ ಹಾರುವಂತಿತ್ತು. ಇನ್ನೊಂದು ವರ್ಷದ್ದನ್ನು ಹಾಕಿಸಿದೆ, ಅದೂ ಹಾಗೆಯೇ. ಎಲ್ಲವೂ ಹಾಗೆಯೇ. ಪೆಟ್ಟಿಗೆ ಹಳೆಯದು, ಅದಕ್ಕೆ ಜರಡಿಯಿಲ್ಲ ಎಂದು ನಾನು ನಂಬಿದ್ದೆ. ಪೆಟ್ಟಿಗೆಗೆ ಇರಲಿಲ್ಲ, ನಿಜ. ಆದರೆ ಕಣಜದ ಬಾಗಿಲಲ್ಲೇ ಒಂದಿದೆ, ಒಳಗೆ ಹೋಗುವ ಮಾತೆಲ್ಲ ಅದನ್ನು ಹಾದೇ ಹೋಗುತ್ತದೆ. ಜಾಲಿಸಿದ ಮಾತಿಗೆ ಜಾಗ ಕಡಿಮೆ ಸಾಕು ಎಂದು ಷಡಕ್ಷರಿಯವರು ವಿವರಿಸಿದರು. ಜರಡಿಯ ಮೇಲೆ ಉಳಿದದ್ದು ಏನಾಗುತ್ತದೆ ಎಂದು ಮರಿಸ್ವಾಮಿ ಕೇಳಿದರು. ಅದನ್ನು ಇಟ್ಟುಕೊಳ್ಳುವುದಿಲ್ಲ, ಎಂದರು ಅವರು. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತೆಂದು ಕಾಣುತ್ತದೆ, ತಲೆ ತಗ್ಗಿಸಿದರು. ಮರಿಸ್ವಾಮಿ ಎದ್ದು ಹೊರಗೆ ಹೋಗಿ, ಗವಿಯ ಬಾಯಲ್ಲಿ ನೆರಳುಬಟ್ಟೆಯ ಕೆಳಗೆ ಕೂತುಬಿಟ್ಟರು.

ನನಗೆ ಆಗಲೂ ಅಳು ಬರಲಿಲ್ಲ. ಕೊಟ್ಟ ಬಿಸಿಲು ಇನ್ನೂ ಉಳಿದಿತ್ತು, ಅದನ್ನು ಹಾಳುಮಾಡುವುದು ಯಾಕೆಂದು ಪೆಟ್ಟಿಗೆಯ ತಳಕ್ಕೆ ಇಳಿಸಲು ಹೇಳಿದೆ. ಅಲ್ಲಿ ನಿನ್ನವು ಇದ್ದವು. ಕಣಜಕ್ಕಿಂತ, ಜರಡಿಗಿಂತ, ನೆರಳು ಶಕೆಗಿಂತ ಮೊದಲು ನೀನು ಫೋನಿಗೆ ಹೇಳಿದ ಅಡುಗೆಗಳು. ಸುಮ್ಮನೆ ಕೈಗೆ ಬಂದದ್ದನ್ನು ಹಾಕಿಸಿದೆ. ಹಿಂದೆ ಲಾರಿಯ ಹಾರ್ನು, ಪಾತ್ರೆಯ ಸದ್ದು, ಯಾರೋ ಕೆಮ್ಮಿದ್ದು. ಆಮೇಲೆ ಹೊಗೆ ಕುಡಿದ ಗಂಟಲಿನ ಒಬ್ಬ ಹೆಂಗಸು.

“ಗಸಗಸೆ ಉರ್ಕೊ ಕನವ್ವ. ಎಚ್ಚು ಉರೀಬ್ಯಾಡ, ಕೈಯಾಗ್ತದೆ. ಆಮ್ಯಾಕೆ ಆಲು ಉಯ್ಯಿ.”

ನೀನು ಮುದುಕಿ, ಅವಳು ಮಗು. ನಿನ್ನ ಧ್ವನಿ ಅವಳ ಧ್ವನಿಯಲ್ಲ. ಆದರೆ ಆ ‘ಆಲು’ ಅವಳದು. ಬಾಯಿ ತೆರೆದು, ಉಸಿರನ್ನು ಒಳಗೇ ಇಟ್ಟುಕೊಂಡು, ಕೊನೆಯನ್ನು ಒಂದಿಷ್ಟು ಎಳೆದು ಬಿಡುವ ಆ ಬಗೆ. ತಟ್ಟೆ ಮುಂದಿಟ್ಟಾಗ, ಜಡೆ ಎಳೆದಾಗ, ಬೆಳಗಾಗೆದ್ದು ಪಂಕ್ತಿಮನೆಯ ಬಾಗಿಲಲ್ಲಿ ನಿಂತಾಗ ಅವಳು ಅಂದದ್ದು ಹೀಗೆಯೇ. ನಾನು ಮತ್ತೊಮ್ಮೆ ಎಂದೆ. ಷಡಕ್ಷರಿಯವರು ಮತ್ತೊಮ್ಮೆ ಹಾಕಿದರು. ಮೊದಮೊದಲು ಅವರು ತುಟಿಯೊಳಗೇ ‘ಹೆಚ್ಚು, ಕಹಿ, ಹಾಲು, ಹುಯ್ಯಿ’ ಎಂದು ತಿದ್ದುತ್ತಿದ್ದರು, ಪಾಪ, ಅಭ್ಯಾಸಬಲ. ಆಮೇಲೆ ನಿಲ್ಲಿಸಿದರು. ಅತ್ತೆ ಮರಿಸ್ವಾಮಿಯನ್ನು ಕೈಹಿಡಿದು ಒಳಗೆ ಕರೆತಂದು ಕೂರಿಸಿದರು. ಬಿಸಿಲು ಮುಗಿಯುವವರೆಗೂ ನಾವು ನಾಲ್ಕು ಜನ ಗಸಗಸೆ ಪಾಯಸ ಮಾಡುವುದನ್ನು ಕೇಳುತ್ತಾ ಕೂತಿದ್ದೆವು. ಗಸಗಸೆ ಎಂಬ ಕಾಳನ್ನು ನಮ್ಮಲ್ಲಿ ಯಾರೂ ಕಂಡವರಿಲ್ಲ.

ಪೆಟ್ಟಿಗೆ ತೆರೆದದ್ದರಿಂದ ನಾಳೆ ಅದನ್ನು ಮಣ್ಣು ಮಾಡುವುದಿಲ್ಲ. ಇನ್ನು ಮೇಲೆ ಬಿಸಿಲು ಉಳಿದಾಗೆಲ್ಲ ಹೋಗಿ ಕೇಳಬಹುದು. ಇದಿಷ್ಟು ಇಲ್ಲಿಯ ಸಮಾಚಾರ.

ಈಗ ನಿನ್ನಲ್ಲಿ ಕೇಳಿಕೊಳ್ಳುವುದು. ನಿನ್ನ ಅಕ್ಕನ ಮಗ ಬೀಗ ಹಾಕಿಕೊಡಲು ಬಂದಾಗ, ಚಿಕ್ಕಮ್ಮ, ಹೀಗಲ್ಲ, ‘ಹ’ ಹಾಕಿ ಬರಿ, ಎಂದು ಹೇಳಿದರೂ ಹೇಳಬಹುದು. ಓದಿದ ಹುಡುಗರ ಸ್ವಭಾವ ಅದು. ಅವನ ಮಾತು ಕೇಳಬೇಡ. ನೀನು ಆಡುವ ಹಾಗೇ ಒತ್ತು. ನಿನ್ನ ಮಾತಿಗೆ ಪೇಟೆಯವರು ನಕ್ಕರೆ, ಇನ್ನೊಂದು ಮುದ್ದೆ ಬಡಿಸಿ ಬಾಯಿ ಮುಚ್ಚಿಸು.

ಇನ್ನೊಂದು ಮಾತು. ಪೆಟ್ಟಿಗೆಯ ತಳದಲ್ಲಿ ನಿನ್ನದು ಎಷ್ಟಿದೆಯೋ ಎಲ್ಲದರ ಹೆಸರನ್ನೂ ಷಡಕ್ಷರಿಯವರು ಓದಿ ಹೇಳಿದರು. ಎಲ್ಲ ಸಾರು, ಪಲ್ಯ, ಪಾಯಸ. ಅಡುಗೆಯ ಮಾತಿನಲ್ಲಿ ಹಾಲು ಬರುತ್ತದೆ, ಹಣ್ಣು ಬರುತ್ತದೆ, ಹುಣಸೆ ಬರುತ್ತದೆ. ನನಗೆ ಬೇಕಾದ ಮಾತು ಬರುವುದಿಲ್ಲ. ಹೂವಿಯನ್ನು ಜ್ವರದ ಗಾಡಿ ಕರೆದುಕೊಂಡು ಹೋದಾಗ ಅವಳು ನಿದ್ದೆಯಲ್ಲಿದ್ದಳು. ಎಬ್ಬಿಸಬೇಡಿ ಎಂದರು, ಎಬ್ಬಿಸಲಿಲ್ಲ. ಜ್ವರದ ಮನೆಯೊಳಗೆ ತಾಯಂದಿರನ್ನು ಬಿಡುವುದಿಲ್ಲ. ನಮ್ಮಲ್ಲಿಯೂ ಹೊರಡುವವರು ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು. ಅವಳು ಏನೂ ಅನ್ನದೆ ಹೋದಳು.

ಇವತ್ತೋ ನಾಳೆಯೋ ನೀನು ಸೊಪ್ಪು ತರಲು ಹೊರಡುತ್ತೀಯಲ್ಲ, ಆಗ ಫೋನು ಒತ್ತಿ ಕೈಯಲ್ಲಿ ಹಿಡಿದುಕೊ. ಬಾಗಿಲ ಹೊರಗೆ ಕಾಲಿಡುವಾಗ, ಒಳಗೆ ಯಾರೋ ಇದ್ದಾರೆ ಎಂದುಕೊಂಡು, ‘ಓಗ್ಬತ್ತೀನಿ ಕನವ್ವ’ ಅನ್ನು. ಅದಕ್ಕೆ ಬೇರೇನೂ ಸೇರಿಸಬೇಡ. ಪೆಟ್ಟಿಗೆಗೆ ಹಾಕಿ ಸೊಪ್ಪಿಗೆ ಹೋಗು. ನಾಳೆ ಎಡೆ ಇಟ್ಟು, ಕಾಗೆ ಮುಟ್ಟಿದ ಮೇಲೆ, ನಾನು ಕಣಜಕ್ಕೆ ಹೋಗಿ ತಳದಲ್ಲಿ ಹುಡುಕಿಸುತ್ತೇನೆ. ಇದ್ದರೆ ಒಂದೇ ಸಲ ಹಾಕಿಸಿಕೊಂಡು ಕೇಳುತ್ತೇನೆ. ನಾನು ‘ಹೂಂ, ಹೋಗಿ ಬಾ’ ಅನ್ನಬೇಕು.